ಗಾಳಿ ಬೀಸದಿದ್ದರೆ? ‘ರಿಕುಗುನ್’ ಎಂಬ ಜಪಾನೀ ಚಿತ್ರ ಯಾರ ಪಕ್ಷದ್ದು



ಇತಿಹಾಸದ ಆಧಾರಗಳು ಯಾವುವು ಎಂದು ಕೇಳಿದರೆ ಶಾಸನ, ನಾಣ್ಯ, ತಾಳೆಗರಿ, ವಿದೇಶೀ ಪ್ರವಾಸಿಗರ ಬರಹ ಎಂದು ನೀವೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಿರಿ. ಇಪ್ಪತ್ತನೆಯ ಶತಮಾನದ ಚರಿತ್ರೆಗೆ ಬಂದಾಗ ಈ ಪಟ್ಟಿಗೆ ಚಲನಚಿತ್ರವನ್ನೂ ಸೇರಿಸಬೇಕಾಗುತ್ತದೆ. ಅರಸನೊಬ್ಬ ಕಲ್ಲಿನ ಮೇಲೆ ತನ್ನ ಕೀರ್ತಿಯನ್ನು ಕೆತ್ತಿಸಿದಂತೆಯೇ, ಈ ಶತಮಾನದ ಸರ್ಕಾರಗಳು ತಮಗೆ ಬೇಕಾದ ಚಿತ್ರವನ್ನು ಫಿಲ್ಮಿನ ಮೇಲೆ ಮೂಡಿಸಿಕೊಂಡವು. ಶಾಸನವನ್ನು ಓದುವಾಗ ಇದನ್ನು ಬರೆಸಿದವರು ಯಾರು, ಬರೆದವನು ಯಾರು, ಇದರಲ್ಲಿ ಯಾರ ಹೆಸರಿಲ್ಲ ಎಂದು ಕೇಳುತ್ತೇವಷ್ಟೆ. ಸಿನಿಮಾ ನೋಡುವಾಗ ಮಾತ್ರ ಈ ಪ್ರಶ್ನೆಗಳನ್ನು ಚಪ್ಪಲಿಯ ಜೊತೆಗೆ ಹೊರಗೇ ಬಿಟ್ಟು ಬರುತ್ತೇವೆ. ನೋಡಿ ಮುಗಿಸಿದ ಮರುಕ್ಷಣವೇ ಇದು ನಮ್ಮ ಪಕ್ಷದ್ದು, ಇದು ಅವರ ಪಕ್ಷದ್ದು ಎಂದು ತೀರ್ಪು ಕೊಟ್ಟುಬಿಡುವುದು ಈಗಿನ ರೂಢಿ.

ಅಷ್ಟು ಬೇಗ ತೀರ್ಪು ಕೊಡಲು ಒಪ್ಪದ ಒಂದು ಚಿತ್ರದ ವಿಷಯವನ್ನು ಇಂದು ಬರೆಯುತ್ತಿದ್ದೇನೆ. ಅದರ ಹೆಸರು ‘ರಿಕುಗುನ್’, ಎಂದರೆ ‘ಸೈನ್ಯ’. 1944ರ ಕೊನೆಯಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಜಪಾನು ಸೋಲಿನ ಅಂಚಿಗೆ ಬಂದಿದ್ದಾಗ ತೆರೆಕಂಡ ಚಿತ್ರ. ನಿರ್ದೇಶಕ ಕೇಸುಕೆ ಕಿನೋಶಿಟಾ. ಅಕಿರ ಕುರೊಸಾವನ ಹೆಸರನ್ನು ನಮ್ಮಲ್ಲಿ ಅನೇಕರು ಬಲ್ಲರು. ಅದೇ 1943ರಲ್ಲಿ ಅವನೊಡನೆಯೇ ನಿರ್ದೇಶಕನಾಗಿ ಕಾಲಿಟ್ಟ ಕಿನೋಶಿಟಾನ ಹೆಸರು ಜಪಾನಿನಲ್ಲಿ ಮನೆಮಾತಾದರೂ ಹೊರಗೆ ಅಷ್ಟಾಗಿ ಹರಡಲಿಲ್ಲ. ಅವನ ಚಿತ್ರಗಳಲ್ಲಿಯೂ ಇದು ಬಹುಕಾಲ ಮೂಲೆಯಲ್ಲಿದ್ದ ಚಿತ್ರ. 2014ರಲ್ಲಿ ಅವನ ಐದು ಚಿತ್ರಗಳನ್ನು ಒಟ್ಟುಗೂಡಿಸಿ ಇಂಗ್ಲಿಷ್ ಅಡಿಬರಹದೊಡನೆ ಡಿವಿಡಿಯಲ್ಲಿ ಹೊರತಂದ ಮೇಲೆ ನಮ್ಮಂಥವರಿಗೂ ನೋಡುವ ಅವಕಾಶ ದೊರೆಯಿತು. ಒಂದೂವರೆ ಗಂಟೆಗೆ ಸ್ವಲ್ಪ ಕಡಿಮೆಯ ಚಿತ್ರ. ನಾನು ಮೂರು ಸಲ ನೋಡಿದ್ದೇನೆ.

ಬರೆಸಿದವರು ಯಾರು?

ಮೊದಲಿಗೆ ಚಿತ್ರ ಹುಟ್ಟಿದ ಸನ್ನಿವೇಶವನ್ನು ತಿಳಿಯಬೇಕು. 1939ರಲ್ಲಿ ಜಪಾನ್ ಸರ್ಕಾರ ಚಲನಚಿತ್ರ ಕಾಯಿದೆಯೊಂದನ್ನು ಜಾರಿಗೆ ತಂದಿತು. ನಾಜಿ ಜರ್ಮನಿಯ ಕಾನೂನೇ ಇದಕ್ಕೆ ಮಾದರಿ. ನಿರ್ದೇಶಕರು, ನಟರು, ಛಾಯಾಗ್ರಾಹಕರು ಎಲ್ಲರೂ ಸರ್ಕಾರದ ಬಳಿ ಹೆಸರು ನೋಂದಾಯಿಸಬೇಕು. ಚಿತ್ರೀಕರಣಕ್ಕೆ ಮೊದಲೇ ಕಥೆ ಸಂಭಾಷಣೆಗಳನ್ನು ಒಪ್ಪಿಸಿ ಅನುಮತಿ ಪಡೆಯಬೇಕು. ಯುದ್ಧ ಮುಂದುವರಿದಂತೆ ಕಚ್ಚಾ ಫಿಲ್ಮ್ ಸುರುಳಿಯ ಹಂಚಿಕೆಯೂ ಸರ್ಕಾರದ ಕೈಗೆ ಹೋಯಿತು. ಕಥಾಚಿತ್ರ ತಯಾರಿಸುವ ಸಂಸ್ಥೆಗಳನ್ನು ಒಂದರೊಳಗೊಂದು ಸೇರಿಸಿ ಕೊನೆಗೆ ಮೂರನ್ನು ಮಾತ್ರ ಉಳಿಸಿದರು. ಫಿಲ್ಮ್ ಕೊಡುವವನು ಸರ್ಕಾರ, ಕಥೆಯನ್ನು ಒಪ್ಪುವವನು ಸರ್ಕಾರ, ಬೇಡವೆಂದರೆ ಸೈನ್ಯಕ್ಕೆ ಕರೆಸಿಕೊಳ್ಳುವವನೂ ಸರ್ಕಾರ. ಇಂಥ ಸ್ಥಿತಿಯಲ್ಲಿ ನಿರ್ದೇಶಕನ ‘ಅಭಿಪ್ರಾಯ’ ಎಂಬ ಮಾತಿಗೆ ಎಷ್ಟು ಜಾಗವಿದ್ದೀತು ಎಂಬುದನ್ನು ನೀವೇ ಊಹಿಸಿ.

‘ರಿಕುಗುನ್’ ಚಿತ್ರವು ಸೇನಾ ಇಲಾಖೆಯ ಬೆಂಬಲದಿಂದ, ಅದರ ಉದ್ದೇಶಕ್ಕಾಗಿಯೇ ಶೋಚಿಕು ಸಂಸ್ಥೆಯಲ್ಲಿ ತಯಾರಾಯಿತು. ಮೂಲ ಕಾದಂಬರಿ ಅಶಿಹೆಯ್ ಹಿನೊ ಎಂಬ ಲೇಖಕನದು. ಉತ್ತರ ಕ್ಯೂಶೂ ಪ್ರಾಂತದ ವಕಾಮತ್ಸು ಎಂಬ ರೇವುಪಟ್ಟಣದವನಾದ ಈತ ಚೀನಾ ಯುದ್ಧದಲ್ಲಿ ಸಿಪಾಯಿಯಾಗಿದ್ದಾಗಲೇ 1938ರಲ್ಲಿ ಅಕುತಗಾವ ಪ್ರಶಸ್ತಿ ಪಡೆದವನು. ಗೋಧಿಹೊಲ ಮತ್ತು ಸೈನಿಕರನ್ನು ಕುರಿತ ಅವನ ಪುಸ್ತಕವನ್ನು ಜಪಾನಿನ ಮನೆಮನೆಗಳಲ್ಲಿ ಓದಿದರು. 1944ರಲ್ಲಿ ಇಂಫಾಲ್ ಕಾರ್ಯಾಚರಣೆಯ ವರದಿಗಾಗಿ ಬರ್ಮಾ ಗಡಿಗೂ ಬಂದಿದ್ದ ಎಂಬುದು ನಮ್ಮ ದೇಶಕ್ಕೆ ತಾಗುವ ಒಂದು ಸಂಗತಿ. ಯುದ್ಧ ಮುಗಿದ ಮೇಲೆ ಯುದ್ಧಕ್ಕೆ ನೆರವಾದ ಲೇಖಕನೆಂದು ಅವನ ಮೇಲೆ ನಿರ್ಬಂಧ ಹೇರಲಾಯಿತು. 1960ರ ಜನವರಿಯಲ್ಲಿ ತೀರಿಕೊಂಡ. ಅದು ಆತ್ಮಹತ್ಯೆಯೆಂಬುದು ಹಲವು ವರ್ಷಗಳ ಅನಂತರ ಹೊರಗೆ ತಿಳಿಯಿತು.

ನಿರ್ದೇಶಕ ಕಿನೋಶಿಟಾ ಕೂಡ ಸೈನ್ಯವನ್ನು ಕಾಣದವನಲ್ಲ. 1912ರಲ್ಲಿ ಹಮಾಮತ್ಸುವಿನಲ್ಲಿ ಹುಟ್ಟಿದ ಈತನನ್ನು 1940ರಲ್ಲಿ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಂಡು ಚೀನಾಕ್ಕೆ ಕಳುಹಿಸಿದ್ದರು, ಮರುವರ್ಷ ಹಿಂದಿರುಗಿದ. ಆದ್ದರಿಂದ ಬರೆಸಿದವರು ಯಾರು ಎಂಬ ಮೊದಲ ಪ್ರಶ್ನೆಗೆ ಉತ್ತರ ನೇರವಾಗಿದೆ. ಬರೆಸಿದ್ದು ಸೈನ್ಯ. ಬರೆದವರು ಸೈನ್ಯದಲ್ಲಿ ದುಡಿದು ಬಂದವರು.

ಕಥೆ

ಕಥೆ 1866ರಲ್ಲಿ ಕೊಕುರಾ ಎಂಬ ಕೋಟೆಯೂರಿನಲ್ಲಿ ಆರಂಭವಾಗುತ್ತದೆ. ಶೋಗುನರ ಆಳ್ವಿಕೆಯ ಕೊನೆಯ ದಿನಗಳು; ಚೋಶೂ ಪ್ರಾಂತದ ಪಡೆ ಊರಿನ ಮೇಲೆ ಏರಿಬಂದಿದೆ. ಅಲ್ಲಿಂದ ಮೂರು ತಲೆಮಾರುಗಳ ಕಾಲ ತಕಾಗಿ ಎಂಬ ವ್ಯಾಪಾರಿ ಕುಟುಂಬವನ್ನು ಚಿತ್ರ ಹಿಂಬಾಲಿಸುತ್ತದೆ. 1873ರಲ್ಲಿ ಕಡ್ಡಾಯ ಸೇನಾಸೇವೆಯ ಕಾನೂನು ಬಂದು, ಕತ್ತಿ ಹಿಡಿಯುವುದು ಸಮುರಾಯಿಗಳ ಹುಟ್ಟಿನ ಹಕ್ಕಾಗಿರದೆ ಎಲ್ಲರ ಕರ್ತವ್ಯವಾಯಿತು. 1895ರಲ್ಲಿ ಚೀನಾವನ್ನು ಗೆದ್ದು ಪಡೆದ ಲಿಯಾವೊಡಾಂಗ್ ಪರ್ಯಾಯದ್ವೀಪವನ್ನು ರಷ್ಯಾ, ಜರ್ಮನಿ, ಫ್ರಾನ್ಸ್ ಮೂರೂ ಸೇರಿ ಜಪಾನಿನಿಂದ ಬಿಡಿಸಿದವು. 1904-05ರಲ್ಲಿ ರಷ್ಯಾದೊಡನೆ ಯುದ್ಧ. ಈ ಒಂದೊಂದು ಘಟನೆಯೂ ಕುಟುಂಬದ ಒಂದೊಂದು ತಲೆಮಾರನ್ನು ತಟ್ಟುತ್ತದೆ. ಪಾಠಪುಸ್ತಕದ ‘ಜಪಾನಿನ ಉತ್ಕರ್ಷ’ ಎಂಬ ಅಧ್ಯಾಯವನ್ನು ಒಂದು ಮನೆಯ ಜಗಲಿಯ ಮೇಲೆ ಕುಳಿತು ನೋಡಿದಂತೆ ಇದೆ.

ಎರಡನೆಯ ತಲೆಮಾರಿನ ತೊಮೊಸುಕೆಯೇ ಕಥೆಯ ಯಜಮಾನ. ನಟ ಚಿಶೂ ರ್ಯೂ. ರಷ್ಯಾ ಯುದ್ಧಕ್ಕೆ ಅಧಿಕಾರಿಯಾಗಿ ಹೋದವನು ಕಾಯಿಲೆಬಿದ್ದು ಆಸ್ಪತ್ರೆಯಲ್ಲಿಯೇ ಕಾಲ ಕಳೆದ. ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸಲಾಗಲಿಲ್ಲ ಎಂಬ ಕೊರಗು ಅವನನ್ನು ಜೀವನಪೂರ್ತಿ ಕಾಡುತ್ತದೆ. ತಾನು ಮಾಡಲಾಗದ್ದನ್ನು ಮಗ ಮಾಡಬೇಕು. ಆದರೆ ಹಿರಿಯ ಮಗ ಶಿಂತಾರೊ ಮೃದು ಸ್ವಭಾವದ, ಅಂಜುಬುರುಕ ಹುಡುಗ. ಅವನನ್ನು ಗಟ್ಟಿ ಮಾಡುವ ಕೆಲಸ ತಂದೆಯದಷ್ಟೇ ಅಲ್ಲ, ತಾಯಿ ವಾಕಾಳದು ಕೂಡ. ಈ ಪಾತ್ರ ಮಾಡಿದವಳು ಕಿನುಯೊ ತನಾಕ. ಗಂಡುಮಕ್ಕಳು ಚಕ್ರವರ್ತಿಯು ನಮ್ಮ ಬಳಿ ಇಟ್ಟ ನಿಕ್ಷೇಪ, ವೇಳೆ ಬಂದಾಗ ಹಿಂದಿರುಗಿಸಬೇಕು ಎಂಬುದು ಅವಳು ನಂಬಿ ಆಡುವ ಮಾತು. ಕೊನೆಗೆ 1930ರ ದಶಕದಲ್ಲಿ ಶಿಂತಾರೊ ಸೈನಿಕನಾಗುತ್ತಾನೆ. ಯುದ್ಧರಂಗಕ್ಕೆ ಹೊರಡುವ ದಿನವೂ ಬರುತ್ತದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದು ಅಪ್ಪಟ ಪ್ರಚಾರಚಿತ್ರ. ಸೇನಾ ಇಲಾಖೆ ಕೇಳಿದ್ದೂ ಇದನ್ನೇ.

ಗಾಳಿಯ ಜಗಳ

ಆದರೆ ಚಿತ್ರದ ನಡುವೆ ಒಂದು ಜಗಳ ಬರುತ್ತದೆ. ಇತಿಹಾಸದ ಮೇಷ್ಟ್ರಾದ ನನಗೆ ಇಡೀ ಚಿತ್ರದ ತಿರುಳು ಅಲ್ಲಿಯೇ ಇದೆಯೆನ್ನಿಸಿತು.

ಜಗಳದ ವಿಷಯ ಹದಿಮೂರನೆಯ ಶತಮಾನದ್ದು. ಕುಬ್ಲಾಯ್ ಖಾನನ ನೌಕಾಪಡೆ 1274ರಲ್ಲಿ ಒಮ್ಮೆ, 1281ರಲ್ಲಿ ಮತ್ತೊಮ್ಮೆ ಜಪಾನಿನ ಮೇಲೆ ಏರಿಬಂತು. ಇಳಿದದ್ದು ಈ ಕಥೆ ನಡೆಯುವ ಸೀಮೆಯಲ್ಲಿಯೇ, ಹಕಾತ ಕೊಲ್ಲಿಯಲ್ಲಿ. ಎರಡನೆಯ ಸಲ ಭಾರಿ ಚಂಡಮಾರುತವೆದ್ದು ಹಡಗುಗಳು ಮುಳುಗಿದವು. ಆ ಗಾಳಿಗೆ ‘ಕಮಿಕಾಜೆ’, ದೈವೀ ಗಾಳಿ, ಎಂದು ಹೆಸರಾಯಿತು. ದೇವರೇ ಕಾಪಾಡುವ ನಾಡು ನಮ್ಮದು, ಇದನ್ನು ಯಾರೂ ಗೆಲ್ಲಲಾರರು ಎಂದು ಶಾಲೆಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿದರು.

ತೊಮೊಸುಕೆ ಒಂದು ಕಡೆ. ಇನ್ನೊಂದು ಕಡೆ ಕಾರ್ಖಾನೆಯ ಮಾಲೀಕ ಸಕುರಾಗಿ. ಅವನೂ ದೇಶಭಕ್ತನೇ. ಅವನು ಕೇಳುವುದು ಒಂದೇ ಪ್ರಶ್ನೆ: ಅಂದು ಆ ಗಾಳಿ ಬೀಸದಿದ್ದರೆ ಏನಾಗುತ್ತಿತ್ತು? ತೊಮೊಸುಕೆಗೆ ಮೈಯೆಲ್ಲ ಉರಿ. ಜಪಾನು ಸೋಲುತ್ತಿತ್ತು ಎಂದು ಊಹೆಗಾದರೂ ತರಬಹುದೇ? ಇಬ್ಬರು ಹಟಮಾರಿ ಮುದುಕರ ಕದನವಾಗಿ, ನಗು ಬರುವಂತೆ ಈ ಸನ್ನಿವೇಶವನ್ನು ತೆಗೆದಿದ್ದಾರೆ. ನೋಡುವವನು ನಕ್ಕು ಮುಂದೆ ಹೋಗಬಹುದು.

ಆದರೆ ಚಿತ್ರ ಬಿಡುಗಡೆಯಾದ ಹೊತ್ತನ್ನು ನೆನೆಯಿರಿ. 1944ರ ಜುಲೈಯಲ್ಲಿ ಸೈಪಾನ್ ದ್ವೀಪ ಕೈಬಿಟ್ಟಿತ್ತು. ಅಕ್ಟೋಬರಿನಲ್ಲಿ ಫಿಲಿಪ್ಪೀನ್ಸ್ ಸಮುದ್ರದಲ್ಲಿ ತರುಣ ವೈಮಾನಿಕರು ಬಾಂಬು ಹೊತ್ತ ವಿಮಾನಗಳೊಡನೆ ಅಮೆರಿಕದ ಹಡಗುಗಳಿಗೆ ಅಪ್ಪಳಿಸತೊಡಗಿದ್ದರು. ಆ ಪಡೆಗೆ ಇಟ್ಟ ಹೆಸರೇ ದೈವೀ ಗಾಳಿಯದು. ನವೆಂಬರ್ ಕೊನೆಯಿಂದ ಟೋಕಿಯೊ ಮೇಲೆ ಬಿ-29 ವಿಮಾನಗಳ ದಾಳಿ ಮೊದಲಾಯಿತು. ಇಡೀ ರಾಷ್ಟ್ರಕ್ಕೆ ಮತ್ತೊಂದು ಗಾಳಿಯ ಆಸೆ ಹುಟ್ಟಿಸಿ ಕೂರಿಸಿದ್ದ ಸಮಯದಲ್ಲಿ, ಸೈನ್ಯವೇ ಮಾಡಿಸಿದ ಚಿತ್ರದಲ್ಲಿ ಒಬ್ಬ ವ್ಯಾಪಾರಿ ‘ಗಾಳಿ ಬೀಸದಿದ್ದರೆ?’ ಎಂದು ಕೇಳುತ್ತಾನೆ. ಅವನ ಬಾಯನ್ನು ತೊಮೊಸುಕೆ ಮುಚ್ಚಿಸಬಹುದು. ಕೇಳಿದ ಪ್ರಶ್ನೆ ಕಿವಿಗೆ ಬಿದ್ದಾಗಿದೆ.

ಸಕುರಾಗಿಯ ಪ್ರಶ್ನೆ ಇತಿಹಾಸಕಾರನ ಪ್ರಶ್ನೆಯೇ. ಮೊದಲ ದಾಳಿಯ ಅನಂತರ, 1276ರಲ್ಲಿ, ಹಕಾತ ಕೊಲ್ಲಿಯ ದಂಡೆಯಲ್ಲಿ ಸುಮಾರು 20 ಕಿಲೋಮೀಟರ್ ಉದ್ದಕ್ಕೆ ಕಲ್ಲಿನ ಗೋಡೆ ಕಟ್ಟಲಾಯಿತು. ಅದರ ತುಂಡುಗಳನ್ನು ಇಂದಿಗೂ ಫುಕುಓಕಾದಲ್ಲಿ ನೋಡಬಹುದು. ಶತ್ರುಗಳು ದಡದಲ್ಲಿ ನೆಲೆಯೂರದಂತೆ ತಡೆದದ್ದು ಈ ಗೋಡೆ ಮತ್ತು ಅದರ ಹಿಂದೆ ನಿಂತ ಯೋಧರು. ನೆಲೆ ಸಿಗದೆ ಹಡಗುಗಳಲ್ಲಿಯೇ ಉಳಿದದ್ದರಿಂದ ಚಂಡಮಾರುತ ಬಂದಾಗ ಅವರು ಸಿಕ್ಕಿಬಿದ್ದರು. ಮುಳುಗಿದವರೂ ಬಹುಪಾಲು ಮಂಗೋಲರಲ್ಲ. ಸೋತ ಕೊರಿಯಾ ಮತ್ತು ದಕ್ಷಿಣ ಚೀನಾಗಳಿಂದ ಹಿಡಿದು ತಂದ ನಾವಿಕರು, ಸಿಪಾಯಿಗಳು. 2011ರಲ್ಲಿ ತಕಾಶಿಮಾ ದ್ವೀಪದ ಬಳಿ ಸಮುದ್ರದ ತಳದಲ್ಲಿ ಅಂಥ ಒಂದು ಹಡಗಿನ ಅಡಿಭಾಗ ದೊರೆಯಿತು. ಕಲ್ಲು ಹೊತ್ತವರ ಬೆವರನ್ನು ಮರೆತು ಗಾಳಿಯೊಂದನ್ನೇ ಪೂಜಿಸಿದ್ದರಿಂದ ಆದದ್ದು ಏನೆಂದರೆ, ಗಾಳಿಯನ್ನು ನಂಬಿ ಯುದ್ಧಕ್ಕಿಳಿಯುವ ಧೈರ್ಯ ಬಂತು.

ಇದರ ಮುಂದಿನ ಅಧ್ಯಾಯವನ್ನು ಚಿತ್ರ ತೆಗೆದವರು ಅರಿಯುವಂತಿರಲಿಲ್ಲ. ಕಥೆ ಆರಂಭವಾಗುವ ಅದೇ ಕೊಕುರಾದಲ್ಲಿ ಸೈನ್ಯದ ಶಸ್ತ್ರಾಗಾರವಿತ್ತು. 1945ರ ಆಗಸ್ಟ್ 9ರಂದು ಎರಡನೆಯ ಪರಮಾಣು ಬಾಂಬನ್ನು ಹೊತ್ತ ವಿಮಾನ ಮೊದಲು ಬಂದದ್ದು ಅದರ ಮೇಲಕ್ಕೇ. ಮೋಡವೂ ಹೊಗೆಯೂ ಕವಿದು ಗುರಿ ಕಾಣದೆ ಮೂರು ಸಲ ಸುತ್ತಿ, ನಾಗಸಾಕಿಯ ಕಡೆಗೆ ತಿರುಗಿತು. ಕೊಕುರಾವನ್ನು ಆಕಾಶ ಮತ್ತೊಮ್ಮೆ ಕಾಪಾಡಿತು ಎನ್ನೋಣವೇ? ಹಾಗಾದರೆ ನಾಗಸಾಕಿಯ ತಾಯಂದಿರಿಗೆ ಏನು ಹೇಳೋಣ? ದೈವೀ ಗಾಳಿಯ ಕಥೆಯನ್ನು ನಂಬುವವರು ಉತ್ತರಿಸಬೇಕಾದ ಪ್ರಶ್ನೆ ಇದು.

ಮಾತಿಲ್ಲದ ಕೊನೆ

ಈಗ ಚಿತ್ರದ ಕೊನೆಗೆ ಬರೋಣ.

ಹೊರಡುವ ಹಿಂದಿನ ರಾತ್ರಿ ಮನೆಯವರೆಲ್ಲ ಒಟ್ಟಿಗೆ ಕುಳಿತಿದ್ದಾರೆ. ಮಗ ತಾಯಿಯ ಭುಜ ಒತ್ತುತ್ತಾನೆ. ಬೆಳಿಗ್ಗೆ ತಾಯಿ ಬೀಳ್ಕೊಡಲು ಹೋಗುವುದಿಲ್ಲ. ಹೋದರೆ ಅತ್ತುಬಿಡುತ್ತೇನೆಂಬ ಭಯ. ಮನೆಯಲ್ಲಿ ಒಬ್ಬಳೇ ಕುಳಿತು, ಸೈನಿಕರಿಗಾಗಿ 1882ರಲ್ಲಿ ಚಕ್ರವರ್ತಿ ಹೊರಡಿಸಿದ ಆಜ್ಞಾಪತ್ರದ ಐದು ಧರ್ಮಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತಾಳೆ. ನಿಷ್ಠೆ, ವಿನಯ, ಶೌರ್ಯ, ನಂಬಿಕೆ, ಸರಳತೆ. ನಮ್ಮಲ್ಲಿ ಹೆದರಿಕೆಯಾದಾಗ ದೇವರ ನಾಮ ಹೇಳಿಕೊಳ್ಳುತ್ತಾರಲ್ಲ, ಹಾಗೆ. ಅಷ್ಟರಲ್ಲಿ ದೂರದಿಂದ ಕಹಳೆಯ ದನಿ ಕೇಳಿಸುತ್ತದೆ. ಅವಳು ತಲೆಯೆತ್ತುತ್ತಾಳೆ. ಎದ್ದು ಬೀದಿಗೆ ಬರುತ್ತಾಳೆ. ನಡೆಯುತ್ತಾಳೆ, ಬಳಿಕ ಓಡತೊಡಗುತ್ತಾಳೆ.

ಇಲ್ಲಿಂದ ಹಲವು ನಿಮಿಷಗಳ ಕಾಲ ಚಿತ್ರದಲ್ಲಿ ಮಾತೆಂಬುದೇ ಇಲ್ಲವೆನ್ನಬಹುದು. ಬೀದಿಯ ಎರಡು ಬದಿಯಲ್ಲಿ ಬಾವುಟ ಬೀಸುವ ಜನಸಾಗರ, ನಡುವೆ ಬಂದೂಕು ಹೊತ್ತ ಸೈನಿಕರ ಸಾಲು, ವಾದ್ಯಘೋಷ, ಜಯಕಾರ. ಆ ಜನರ ಎದುರುಬದುರು ನುಗ್ಗುತ್ತ, ಒಂದೊಂದು ಮುಖವನ್ನೂ ಹುಡುಕುತ್ತ ಈ ನಡುವಯಸ್ಸಿನ ಹೆಂಗಸು ಓಡುತ್ತಾಳೆ. ಕ್ಯಾಮೆರಾ ಅವಳ ಜೊತೆಗೇ ಸಾಗುತ್ತದೆ. ಮಗ ಸಿಗುತ್ತಾನೆ. ಪಕ್ಕದಲ್ಲಿ ನಡೆಯುತ್ತ ಏನನ್ನೋ ಹೇಳುತ್ತಾಳೆ. ಗದ್ದಲದಲ್ಲಿ ನಮಗೆ ಕೇಳಿಸುವುದಿಲ್ಲ. ಅವನು ಮುಗುಳ್ನಗುತ್ತಾನೆ. ಜನರ ನೂಕಿನಲ್ಲಿ ಅವಳು ಹಿಂದುಳಿಯುತ್ತಾಳೆ, ಬೀಳುತ್ತಾಳೆ, ಏಳುತ್ತಾಳೆ. ಸಾಲು ಮುಂದೆ ಹೋಗುತ್ತದೆ. ಅವಳು ನಿಂತಲ್ಲಿಯೇ ಕೈಜೋಡಿಸುತ್ತಾಳೆ. ಚಿತ್ರ ಮುಗಿಯುತ್ತದೆ.

ಸರ್ಕಾರಕ್ಕೆ ಒಪ್ಪಿಸಿದ ಬರಹದಲ್ಲಿ ಈ ಭಾಗಕ್ಕೆ ತಾಯಿ ಮಗನನ್ನು ಬೀಳ್ಕೊಡುವಳು ಎಂಬ ಅರ್ಥದ ಒಂದು ಸಣ್ಣ ಟಿಪ್ಪಣಿ ಮಾತ್ರ ಇತ್ತೆಂದು ಚಲನಚಿತ್ರ ಚರಿತ್ರೆ ಬರೆದವರು ಹೇಳುತ್ತಾರೆ. ಅದನ್ನು ಯಾರು ತಾನೇ ತಡೆದಾರು? ಸೆನ್ಸಾರಿನವರು ಓದುವುದು ಅಕ್ಷರವನ್ನು. ಓಡುವ ಹೆಂಗಸಿನ ಮುಖ ಅಕ್ಷರದಲ್ಲಿ ಇರಲಿಲ್ಲ. ಚಿತ್ರ ತೆರೆಕಂಡಾಗ ಸೈನ್ಯದ ಕಡೆಯವರು ಕೆರಳಿದರು. ಜಪಾನಿನ ತಾಯಿ ಮಗನನ್ನು ನಗುತ್ತ ಕಳುಹಿಸಿಕೊಡಬೇಕು. ಹೀಗೆ ಕಳವಳಪಡುವುದನ್ನು ತೋರಿಸುವುದೇ ದ್ರೋಹ ಎಂಬ ಮಾತು ಬಂತು. ಕಿನೋಶಿಟಾ ಕೈಗೆತ್ತಿಕೊಳ್ಳಬೇಕೆಂದಿದ್ದ ಮುಂದಿನ ಚಿತ್ರ ನಿಂತುಹೋಯಿತು. ಅವನು ರಾಜೀನಾಮೆ ಸಲ್ಲಿಸಿ ಊರಿಗೆ ಹಿಂದಿರುಗಿದ. ಯುದ್ಧ ಮುಗಿಯುವವರೆಗೆ ಮತ್ತೊಂದು ಚಿತ್ರ ಮಾಡಲಿಲ್ಲ.

1945ರಲ್ಲಿ ಬಾಂಬುದಾಳಿಯ ಭಯದಿಂದ ಹಮಾಮತ್ಸು ಬಿಡಬೇಕಾಗಿ ಬಂದಾಗ, ಪಾರ್ಶ್ವವಾಯುವಿನಿಂದ ಮಲಗಿದ್ದ ತನ್ನ ತಾಯಿಯನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ಬೆಟ್ಟದ ದಾರಿಯಲ್ಲಿ ಎಳೆದುಕೊಂಡು ಹೋದ. ಈ ಪ್ರಸಂಗವನ್ನೇ ವಸ್ತುವಾಗಿಟ್ಟುಕೊಂಡು ಕೇಯಿಚಿ ಹಾರಾ ಎಂಬ ನಿರ್ದೇಶಕ 2013ರಲ್ಲಿ ಒಂದು ಚಿತ್ರ ಮಾಡಿದ್ದಾನೆ. ಅದರಲ್ಲಿ ‘ರಿಕುಗುನ್’ನ ಕೊನೆಯ ದೃಶ್ಯವನ್ನೂ ಸೇರಿಸಿದ್ದಾನೆ.

ಎರಡು ತೀರ್ಪುಗಳು

ಹಾಗಾದರೆ ಇದು ಯುದ್ಧವಿರೋಧಿ ಚಿತ್ರವೇ? ಕಿನೋಶಿಟಾನ ಅಭಿಮಾನಿಗಳು ಹೌದೆನ್ನುತ್ತಾರೆ. ಎಂಬತ್ತು ನಿಮಿಷ ಸೈನ್ಯಕ್ಕೆ ಕೊಟ್ಟು ಕೊನೆಯ ಕೆಲವು ನಿಮಿಷಗಳಲ್ಲಿ ಅದನ್ನೆಲ್ಲ ಹಿಂದಕ್ಕೆ ಪಡೆದುಕೊಂಡ ಎಂಬುದು ಅವರ ವಾದ. ಇನ್ನು ಕೆಲವರು ಇದನ್ನು ಒಪ್ಪುವುದಿಲ್ಲ. ತಾಯಿಯ ದುಃಖ ಹೆಚ್ಚಿದಷ್ಟೂ ಅವಳ ತ್ಯಾಗ ದೊಡ್ಡದಾಗಿ ಕಾಣುತ್ತದೆ. ಅತ್ತರೂ ಅವಳು ಮಗನನ್ನು ತಡೆಯಲಿಲ್ಲ, ಕೊನೆಗೆ ಕೈಮುಗಿದಳು. ಆದ್ದರಿಂದ ಈ ದೃಶ್ಯವೂ ಯುದ್ಧಕ್ಕೆ ಸಲ್ಲುತ್ತದೆ ಎಂಬುದು ಅವರ ವಾದ. ಎರಡನೆಯ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವೀರಮಾತೆಯ ಕಣ್ಣೀರನ್ನು ಎಲ್ಲ ರಾಜ್ಯಗಳೂ ಬಳಸಿಕೊಂಡಿವೆ.

ಆದರೂ ಒಂದು ಮಾತನ್ನು ಗಮನಿಸಬೇಕು. ಕಣ್ಣೀರನ್ನು ಬಳಸಿಕೊಳ್ಳುವ ಚಿತ್ರಗಳಲ್ಲಿ ಅದಕ್ಕೆ ಅರ್ಥ ಹೇಳಿಕೊಡುವ ಒಂದು ಮಾತು ತಪ್ಪದೆ ಇರುತ್ತದೆ. ತಾಯಿಯಾದರೂ, ಅಧಿಕಾರಿಯಾದರೂ, ಹಿನ್ನೆಲೆಯ ಹಾಡಾದರೂ ಇದು ಹೆಮ್ಮೆಯ ಕಣ್ಣೀರು ಎಂದು ಹೇಳಿಬಿಡುತ್ತದೆ. ಇಲ್ಲಿ ಅದಿಲ್ಲ. ವಾಕಾ ಕೈಮುಗಿದು ಕೇಳಿದ್ದು ಮಗನ ವಿಜಯವನ್ನೋ, ಅವನು ಜೀವಂತ ಹಿಂದಿರುಗುವುದನ್ನೋ ಎಂದು ಚಿತ್ರ ಹೇಳುವುದಿಲ್ಲ. ಸೈನ್ಯಕ್ಕೆ ಕೋಪ ಬಂದದ್ದು ಇದಕ್ಕೇ ಎಂದು ನನಗೆ ತೋರುತ್ತದೆ. ಪ್ರಚಾರಕ್ಕೆ ಅಳು ಬೇಕು. ಅರ್ಥ ಹೇಳದ ಅಳು ಬೇಡ. ತನ್ನ ಮಗನ ಕ್ಷೇಮಕ್ಕಾಗಿ ಚಡಪಡಿಸುವ ಸಕುರಾಗಿಯನ್ನೂ ಇವಳ ಜೊತೆಗೆ ನಿಲ್ಲಿಸಿ ನೋಡಿ. ಗಾಳಿಯನ್ನು ಪ್ರಶ್ನಿಸಿದವನೂ, ಬೀದಿಯಲ್ಲಿ ಓಡಿದವಳೂ ಮಗ ಬದುಕಲಿ ಎಂದು ಬಯಸಿದವರೇ.

ಇದರಲ್ಲಿ ಯಾರ ಹೆಸರಿಲ್ಲ?

ಮೂರನೆಯ ಪ್ರಶ್ನೆಯನ್ನು ಕೇಳದೆ ನಾನು ಈ ಲೇಖನ ಮುಗಿಸುವಂತಿಲ್ಲ. ಶಿಂತಾರೊ ಹೊರಟದ್ದು ಎಲ್ಲಿಗೆ? ಚೀನಾದ ಯುದ್ಧರಂಗಕ್ಕೆ. ಮೂರು ತಲೆಮಾರಿನ ಯುದ್ಧಗಳ ಕಥೆಯಲ್ಲಿ ಎದುರಾಳಿಗಳ ಮನೆಯ ಮುಖ ಒಂದೂ ಇಲ್ಲ. ಚಿತ್ರ ತೆಗೆಯುವ ಹೊತ್ತಿಗೆ 1937ರ ನಾನ್‌ಜಿಂಗ್ ಹತ್ಯಾಕಾಂಡ ನಡೆದು ಏಳು ವರ್ಷವಾಗಿತ್ತು. ಶಿಂತಾರೊ ಹೊತ್ತ ಬಂದೂಕಿನ ಎದುರು ನಿಲ್ಲಬೇಕಾದ ಹುಡುಗನಿಗೂ ತಾಯಿಯಿದ್ದಳು. ಅವಳು ಓಡಿದ ದಾರಿಯಲ್ಲಿ ವಾದ್ಯವಿರಲಿಲ್ಲ, ಬಾವುಟವಿರಲಿಲ್ಲ. ಅವಳಿಗೆ ಈ ಚಿತ್ರದಲ್ಲಿ ಜಾಗವಿಲ್ಲ. 1944ರ ಜಪಾನಿನಲ್ಲಿ ಅದನ್ನು ತೋರಿಸಲು ಸಾಧ್ಯವೇ ಇರಲಿಲ್ಲ ಎಂಬುದು ನಿಜ. ಸಾಧ್ಯವಿರಲಿಲ್ಲ ಎಂಬುದರಿಂದ ಆ ಖಾಲಿಜಾಗ ತುಂಬಿದಂತಾಗುವುದಿಲ್ಲ.

ಯುದ್ಧಾನಂತರ ಆ ನಿರ್ಬಂಧ ಹೋಯಿತು. ಅದರ ಜಾಗದಲ್ಲಿ ಅಮೆರಿಕದ ಆಡಳಿತದ ಸೆನ್ಸಾರ್ ಬಂತು. 1945ರ ನವೆಂಬರಿನಲ್ಲಿ ಅವರೂ 13 ನಿಷಿದ್ಧ ವಿಷಯಗಳ ಪಟ್ಟಿ ಕೊಟ್ಟರು. ಆ ಹೊಸ ವ್ಯವಸ್ಥೆಯಲ್ಲಿ, 1946ರ ಆರಂಭದಲ್ಲಿ ಕಿನೋಶಿಟಾ ಓಸೋನೆ ಕುಟುಂಬವೊಂದರ ಕಥೆಯನ್ನು ಚಿತ್ರಿಸಿದ. ಅಲ್ಲಿಯೂ ಮಕ್ಕಳನ್ನು ಯುದ್ಧಕ್ಕೆ ಕೊಟ್ಟ ತಾಯಿ. ಅಲ್ಲಿ ಅವಳು ಬಾಯಿ ಬಿಟ್ಟು ಸೈನ್ಯಾಧಿಕಾರಿಯಾದ ಮೈದುನನನ್ನು ಮನೆಯಿಂದಾಚೆಗೆ ನಡೆಯೆನ್ನುತ್ತಾಳೆ. ಮಾತು ಈಗ ಸ್ಪಷ್ಟವಾಗಿದೆ, ಮಾತನಾಡಲು ಅನುಮತಿಯೂ ಇದೆ. ಆದರೂ ಮಾತಿಲ್ಲದೆ ಓಡಿದ ವಾಕಾಳೇ ನನ್ನ ನೆನಪಿನಲ್ಲಿ ಹೆಚ್ಚು ನಿಂತಿದ್ದಾಳೆ. ಅನುಮತಿಯಿದ್ದಾಗ ಆಡಿದ ಸತ್ಯಕ್ಕೂ, ಇಲ್ಲದಾಗ ತೋರಿಸಿದ ಅರ್ಧ ಸತ್ಯಕ್ಕೂ ತೂಕದಲ್ಲಿ ವ್ಯತ್ಯಾಸವಿದೆ.

ಅವನ ಚಿತ್ರಗಳಲ್ಲಿ ಅಧ್ಯಾಪಕರಾದವರು ನೋಡಲೇಬೇಕಾದದ್ದು 1954ರ ‘ಇಪ್ಪತ್ನಾಲ್ಕು ಕಣ್ಣುಗಳು’. ಶೋಡೊ ದ್ವೀಪದ ಒಂದು ಶಾಲೆ, ಹನ್ನೆರಡು ಮಕ್ಕಳು, ಒಬ್ಬ ಶಿಕ್ಷಕಿ. 1928ರಲ್ಲಿ ಹಾಜರಿ ಕರೆದ ಮಕ್ಕಳಲ್ಲಿ ಗಂಡುಹುಡುಗರು ಬೆಳೆದು ಯುದ್ಧಕ್ಕೆ ಹೋಗುತ್ತಾರೆ. ಮಕ್ಕಳು ಯೋಚಿಸಲಿ ಎಂದು ಬಯಸಿದ ಶಿಕ್ಷಕಿಗೆ ‘ಕೆಂಪು’ ಎಂಬ ಹಣೆಪಟ್ಟಿ ಬೀಳುತ್ತದೆ. ಇದರಲ್ಲಿಯೂ ಜಪಾನೀಯರ ದುಃಖ ಮಾತ್ರವಿದೆ, ಜಪಾನು ಇತರರಿಗೆ ಕೊಟ್ಟ ದುಃಖವಿಲ್ಲ ಎಂಬ ಟೀಕೆ ಬಂದಿದೆ. ಅದು ನ್ಯಾಯವಾದ ಟೀಕೆ. ಹಾಜರಿ ಪುಸ್ತಕ ಹಿಡಿದು ಮೂವತ್ತು ವರ್ಷ ಹೆಸರು ಕರೆದವನಿಗೆ ಆ ಚಿತ್ರವನ್ನು ಒಣ ಕಣ್ಣಿನಿಂದ ನೋಡಲಾಗುವುದಿಲ್ಲ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು.

ಕೊನೆಯ ಮಾತು

‘ರಿಕುಗುನ್’ ಯಾರ ಪಕ್ಷದ್ದು ಎಂದರೆ ನನ್ನ ಉತ್ತರ ಹೀಗಿದೆ. ಅದು ಸೈನ್ಯದ ಹಣ, ಸೈನ್ಯದ ಉದ್ದೇಶ, ಸೈನ್ಯದ ಚರಿತ್ರೆಯಿಂದ ಹುಟ್ಟಿದ ಚಿತ್ರ. ಅದನ್ನು ಯುದ್ಧವಿರೋಧಿ ಎಂದು ಕರೆದು ತೊಳೆದುಕೊಳ್ಳುವುದು ಸರಿಯಲ್ಲ. ಆದರೆ ಬರೆಸಿದವರ ಉದ್ದೇಶಕ್ಕೆ ಪೂರ್ತಿ ಒಳಗಾಗದ ಒಂದು ಪ್ರಶ್ನೆಯೂ ಒಂದು ಮುಖವೂ ಅದರೊಳಗೆ ಉಳಿದುಕೊಂಡಿವೆ. ಅವೆರಡೂ ನಮಗೆ ಆ ಕಾಲದ ಸಾಕ್ಷ್ಯಗಳು. ಒಂದು ಶಾಸನದಲ್ಲಿ ಅರಸನ ಬಿರುದುಗಳ ನಡುವೆ ಕಲ್ಲುಕುಟಿಗನ ಹೆಸರೊಂದು ಸಿಕ್ಕಾಗ ನಾವು ಸಂತೋಷಪಡುತ್ತೇವಲ್ಲವೇ? ಬಿರುದುಗಳನ್ನು ನಂಬಬೇಕಾಗಿಲ್ಲ, ಶಾಸನವನ್ನು ಒಡೆಯಬೇಕಾಗಿಯೂ ಇಲ್ಲ.

ನಿಮ್ಮಲ್ಲಿ ಕೆಲವರು ಸೈನ್ಯ ಸೇರಿದವರಿದ್ದೀರಿ. ನಿಮ್ಮ ತಾಯಂದಿರು ರೈಲು ನಿಲ್ದಾಣದಲ್ಲಿ ಹೇಗೆ ನಿಂತಿದ್ದರೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಮಗನನ್ನು ಕಳುಹಿಸುವಾಗ ಅತ್ತವಳು ದೇಶಕ್ಕೆ ಕಡಿಮೆಯವಳಲ್ಲ. ಅವಳ ಅಳುವಿಗೆ ಅರ್ಥ ಬರೆಯುವ ಅಧಿಕಾರ ಯಾವ ಇಲಾಖೆಗೂ ಇರಬಾರದು. ಹಾಗೆಯೇ, ಗಾಳಿ ಬೀಸದಿದ್ದರೆ ಏನಾಗುತ್ತಿತ್ತೆಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದರೆ ಅವನನ್ನು ಕೂರಿಸಿಬಿಡಬಾರದು. ನಿಮ್ಮಲ್ಲಿ ಇಂದು ಮೇಷ್ಟ್ರುಗಳಾಗಿರುವವರಿಗೆ ಇದನ್ನು ಮುಖ್ಯವಾಗಿ ಹೇಳಬೇಕೆನಿಸಿತು.

ಚಿತ್ರ ದೊರೆತರೆ ಬಿಡುವು ಮಾಡಿಕೊಂಡು ನೋಡಿ. ತಾಯಿ ಮಗನಿಗೆ ಏನು ಹೇಳಿದಳೆಂದು ನಿಮಗೆ ತೋರಿತು ಎಂಬುದನ್ನು ಎರಡು ಸಾಲು ಬರೆದು ತಿಳಿಸಿ.

ಎಲ್ಲರಿಗೂ ಶುಭವಾಗಲಿ.
ನಿಮ್ಮ ಮೇಷ್ಟ್ರು